ನಾಲ್ಕನೆಯ ಟ್ರೇ

ಸೆಪ್ಟೆಂಬರ್ 2, ಮಂಗಳವಾರ

ವಿಮಾನ ಓಡಿಸುವವರು ಆಕಾಶದಲ್ಲಿ ದಾರಿ ತಪ್ಪಿದರೆ ಬಗ್ಗಿ ನಮ್ಮ ಮನೆಯ ತಾರಸಿಯನ್ನು ನೋಡುತ್ತಾರೆ. ನಾನು ಬನಿಯನ್ ಒಣಹಾಕುತ್ತಾ ನಿಂತಿದ್ದರೆ ಕೈಯೆತ್ತಿ ದಿಕ್ಕು ತೋರಿಸುತ್ತೇನೆ, ಅವರು ರೆಕ್ಕೆ ಓರೆ ಮಾಡಿ ನಮಸ್ಕಾರ ಹೇಳಿ ಹೋಗುತ್ತಾರೆ. ದಾರಿ ಹುಡುಕುವುದರಲ್ಲಿ, ತೀರ್ಮಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಈ ದಿನಚರಿಯನ್ನು ಓದುವವನು ನಾನೊಬ್ಬನೇ, ನಿಜ. ಆದರೆ ಓದುವವನು ಅಷ್ಟು ಯೋಗ್ಯನಾಗಿರುವಾಗ ಕಡಿಮೆ ಹೇಳಿ ಅವನಿಗೆ ಅವಮಾನ ಮಾಡಬಾರದು.

ಇವತ್ತು ನನಗೊಂದು ದೊಡ್ಡ ಹೊಣೆ ಬಂದಿದೆ. ಬಂದಿದೆ ಎಂದರೆ, ನಾನೇ ಕಿತ್ತುಕೊಂಡೆ.

ಅಕ್ಕನ ಮಗಳು ಚೂಟಿ ಕೆಲಸ ಮಾಡುವ ಬೇಕರಿಯ ಕಟ್ಟಡವನ್ನು ಈ ತಿಂಗಳ ಕೊನೆಗೆ ಕೆಡವುತ್ತಾರಂತೆ. ಬೇಕರಿಯ ಯಜಮಾನಿಗೆ ವಯಸ್ಸಾಯಿತು, ಮಗನ ಮನೆಗೆ ಹೊರಟಿದ್ದಾಳೆ. ಇಷ್ಟು ವರ್ಷ ದುಡಿದದ್ದಕ್ಕೆ ಓವನ್ನನ್ನು ಚೂಟಿಗೇ ಬಿಟ್ಟುಕೊಟ್ಟಿದ್ದಾಳೆ. ಹಿಂದಿನ ಬೀದಿಯ ಶಾಲೆಯವರು ಮಕ್ಕಳಿಗೆ ದಿನಾ ಬನ್ ಕೊಡಬೇಕೆಂದು ಅವಳನ್ನೇ ಕೇಳಿದ್ದಾರೆ. ಆದರೆ ಅಕ್ಟೋಬರ್ ಒಂದಕ್ಕೆ ಸ್ವಂತ ಅಂಗಡಿ ಇರಬೇಕು, ಇಲ್ಲದಿದ್ದರೆ ಕಾರ್ಖಾನೆಯ ಬನ್ನಿಗೆ ಹೇಳುತ್ತಾರೆ. ಓವನ್ ಇದೆ, ಗಿರಾಕಿ ಇದ್ದಾರೆ, ಕೈಯಲ್ಲಿ ಕಸುಬಿದೆ. ಇಡಲು ಒಂದು ರೂಮಿಲ್ಲ. ಅವಳು ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದುವವಳು, ಮಧ್ಯಾಹ್ನ ಸತ್ತವಳ ಹಾಗೆ ಮಲಗುತ್ತಾಳೆ. ರೂಮು ಹುಡುಕುವವರು ಯಾರು?

"ನಾನಿದ್ದೀನಲ್ಲ!" ಎಂದೆ.

ಅಕ್ಕ ಒಗ್ಗರಣೆ ಸೌಟು ಹಿಡಿದೇ ತಿರುಗಿ ನೋಡಿದಳು. "ನೀನಾ? ಮೂವತ್ತು ವರ್ಷ ಒಂದೇ ಬಸ್ಸಲ್ಲಿ ಅದೇ ದಾರೀಲಿ ಹೋಗಿ ಬಂದೋನು ನೀನು. ಪಕ್ಕದ ಬೀದಿ ಹೆಂಗಿದೆ ಅಂತ ಗೊತ್ತಾ?"

ಗೊತ್ತಿಲ್ಲದೆ ಏನು! ಒಂಬತ್ತನೇ ನಂಬರ್ ಬಸ್ಸಿನ ಕಂಡಕ್ಟರ್ ಆಗಿದ್ದವನು ನಾನು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಗೇ ನನ್ನನ್ನು ಮನೆಗೆ ಕಳಿಸಿಕೊಟ್ಟದ್ದು ಏಕೆಂದರೆ, ಕಲಿಸಲು ಮೇಷ್ಟರ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

"ಅದಿರ್ಲಿ, ಹಲ್ಲಿನ ಡಾಕ್ಟ್ರ ಹತ್ರ ಯಾವಾಗ ಹೋಗ್ತೀಯ?" ಎಂದಳು ಅಕ್ಕ. ಮೇಲಿನ ಸಾಲು ಪೂರ್ತಿ ಹೋಗಿ ಎರಡು ವರ್ಷವಾಯಿತು. ಹೊಸ ಹಲ್ಲಿನ ದುಡ್ಡು ಹಳೆಯ ಟಿಕೆಟ್ ಚೀಲದಲ್ಲಿ ಭದ್ರವಾಗಿದೆ. ಇದೇ ತಿಂಗಳು ಕಟ್ಟಿಸುತ್ತೇನೆ. ಮೊದಲು ರೂಮು.

ಸೆಪ್ಟೆಂಬರ್ 3, ಬುಧವಾರ

ಮೊದಲನೆಯ ದಿನವೇ ರೂಮು ಸಿಕ್ಕಿತು! ಕೀಲಿ ಮಾಡುವವನ ಅಂಗಡಿಯ ಪಕ್ಕ. ಒಳಗೆ ನಲ್ಲಿ, ಹಿಂದೆ ಬಾಗಿಲು, ಹೊಗೆ ಹೋಗಲು ಎತ್ತರದಲ್ಲೊಂದು ಕಿಟಕಿ. ಒಂದೇ ಕೊರತೆ, ನಡುಮಧ್ಯೆ ಕಂಬ.

"ಈ ಕಂಬ ಯಾಕೆ?" ಎಂದು ಕೇಳಿದೆ.

"ಅದು ಇರೋದ್ರಿಂದ್ಲೇ ಮೇಲೆ ನಮ್ಮನೆ ಇರೋದು ಸ್ವಾಮಿ," ಎಂದ ಕೀಲಿಯವನು, ಉಜ್ಜುತ್ತಿದ್ದ ಅರದಿಂದ ಕಣ್ಣೆತ್ತದೆ. "ತಗೊಳ್ಳೋದಾದ್ರೆ ತಗೊಳ್ಳಿ. ನಲ್ಲಿ ಇರೋ ರೂಮು ಈ ಬೀದೀಲಿ ಇದೊಂದೇ."

ಮೊದಲು ಕಂಡದ್ದನ್ನೇ ತೆಗೆದುಕೊಳ್ಳುವವನು ಪೆದ್ದ. ಊರಿನಲ್ಲಿ ಇಷ್ಟೊಂದು ರೂಮುಗಳಿರುವಾಗ ಕಂಬವಿಲ್ಲದ್ದು ಒಂದಾದರೂ ಇರಬೇಡವೇ? ಆದರೆ ಇದನ್ನು ಕೈಬಿಡಲೂ ಬಾರದು. ಅದಕ್ಕೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕೀಲಿಯವನ ಕೈಗೆ ಸ್ವಲ್ಪ ಅಡ್ವಾನ್ಸ್ ಇಟ್ಟು, "ಮೂರು ದಿನ ಯಾರಿಗೂ ಕೊಡ್ಬೇಡಿ, ಬೇರೆ ಒಂದೆರಡು ನೋಡ್ಕೊಂಡು ಬರ್ತೀನಿ," ಎಂದೆ.

"ಬರ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಇಲ್ಲ."

"ಬರ್ದೇ ಇರೋ ಜನವಾ ನಾವು?"

ಎಷ್ಟು ಕೊಟ್ಟೆ ಎಂದು ಬರೆಯುವ ಅಗತ್ಯವಿಲ್ಲ. ಚಿಲ್ಲರೆ.

ಸೆಪ್ಟೆಂಬರ್ 5, ಶುಕ್ರವಾರ

ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಎರಡನೆಯ ರೂಮು. ಕಂಬವಿಲ್ಲ! ಆದರೆ ಕೆಳಗೆ ಯಂತ್ರ ಶುರುವಾದೊಡನೆ ನೆಲವೆಲ್ಲ ಗಡಗಡ. ನನ್ನ ಕೆಳಸಾಲಿನಲ್ಲಿ ಉಳಿದಿರುವ ಹಲ್ಲುಗಳು ಒಂದಕ್ಕೊಂದು ಮಾತಾಡಿಕೊಂಡವು. ಪ್ರೆಸ್ಸಿನ ಒಡತಿ, "ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ. ನನಗೆ ಈಗ ನೆಲ ಅಲ್ಲಾಡ್ದೇ ಇದ್ರೇನೇ ತಲೆ ತಿರುಗುತ್ತೆ," ಎಂದಳು.

ಹಿಟ್ಟು ತಾನಾಗಿಯೇ ನಾದಿಕೊಳ್ಳುತ್ತದೆ, ಚೂಟಿಗೆ ಅರ್ಧ ಕೆಲಸ ಉಳಿಯುತ್ತದೆ. ಯೋಚಿಸಬೇಕಾದ ರೂಮು. ಇಲ್ಲಿಯೂ ಕೊಂಚ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಟೆ. ಈಗ ನನ್ನ ಕೈಯಲ್ಲಿ ಎರಡು ರೂಮು. ರಾಜರಿಗೆ ಹೀಗೇ ಅನ್ನಿಸುತ್ತಿದ್ದಿರಬೇಕು.

ಸಂಜೆ ಎಂದಿನಂತೆ ಮೂಲೆಯ ಟೀ ಅಂಗಡಿ, ಎಂದಿನಂತೆ ಗೋಡೆಗೆ ತಾಗಿದ ಕುರ್ಚಿ, ಎಂದಿನಂತೆ ಅರ್ಧ ಸಕ್ಕರೆ. ನಿವೃತ್ತಿಯಾದಾಗಿನಿಂದ ನಾನು ಅಲ್ಲಿ ಬಾಯಿ ತೆರೆದು ಹೇಳಿದ್ದೇ ಇಲ್ಲ, ಕೂತರೆ ಬರುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಬೆಳಗ್ಗೆ ಬೇಕರಿಗೆ ಹೋಗಿದ್ದೆ. ಚೂಟಿ ನಾಲ್ಕು ಟ್ರೇ ಬನ್ ಒಳಗೆ ತಳ್ಳುತ್ತಿದ್ದಳು. ಮೂರರಲ್ಲಿ ದಿನಾ ಮಾಡುವ ಬನ್ನೇ. ನಾಲ್ಕನೆಯದರಲ್ಲಿ ಏನೋ ಕಪ್ಪಗೆ, ಚಪ್ಪಟೆಯಾಗಿ, ಯಾರೋ ಕೂತು ಎದ್ದು ಹೋದ ಹಾಗೆ.

"ಇದೇನೇ?"

"ಗೊತ್ತಿಲ್ಲ ಮಾಮ. ಹೊಸದು. ಬೆಲ್ಲ ಜಾಸ್ತಿ ಹಾಕಿ ನೋಡ್ದೆ."

"ದಿನಾ ಹಿಂಗೆ ಒಂದು ಟ್ರೇ ಹಾಳು ಮಾಡ್ತೀಯಾ?"

"ದಿನಾ ಮೂರು ಟ್ರೇ ಗೊತ್ತಿರೋದು, ಒಂದು ಟ್ರೇ ಗೊತ್ತಿಲ್ದೇ ಇರೋದು. ಆ ಒಂದು ಕೆಟ್ರೆ ನಾವೇ ತಿನ್ಬೋದು. ನಾಲ್ಕೂ ಕೆಟ್ರೆ ಯಾರು ತಿಂತಾರೆ? ಹಂಗಂತ ನಾಲ್ಕರಲ್ಲೂ ಹಳೇದೇ ಮಾಡಿದ್ರೆ, ಈಗ ಎಲ್ರೂ ಕೇಳ್ಕೊಂಡು ಬರೋ ಎಳ್ಳಿನ ಬನ್ ಹುಟ್ತಾನೇ ಇರ್ಲಿಲ್ಲ."

ಹುಡುಗಾಟದ ಮಾತು. ನಾನು ಹೇಳಿದೆ: "ದೊಡ್ಡ ವಿಷಯಕ್ಕೆಲ್ಲ ಈ ಲೆಕ್ಕ ನಡಿಯಲ್ಲ ಕಣೇ. ಎಲ್ಲಾನೂ ನೋಡ್ಬೇಕು, ಆಮೇಲೆ ತೀರ್ಮಾನ."

ಅವಳು ಓವನ್ ಬಾಗಿಲು ಮುಚ್ಚಿ, ತೋಳಿನಿಂದ ಹಣೆ ಒರೆಸಿಕೊಂಡು ನನ್ನನ್ನೇ ನೋಡಿದಳು. "ಎಲ್ಲಾನೂ ನೋಡೋ ಹೊತ್ತಿಗೆ ತಿಂಗಳು ಮುಗಿಯುತ್ತೆ ಮಾಮ. ಆ ಕಂಬದ ರೂಮು ಚೆನ್ನಾಗೇ ಇದೆ ಅಂದ್ಯಲ್ಲ? ಕಂಬಕ್ಕೆ ಸುತ್ತ ಹಲಗೆ ಹೊಡೆದ್ರೆ ರ್‍ಯಾಕ್ ಆಗುತ್ತೆ."

"ನೀನು ಹಿಟ್ಟು ನೋಡ್ಕೋ," ಎಂದೆ.

ಮಧ್ಯಾಹ್ನ ಆಸ್ಪತ್ರೆಯ ಗೇಟಿನೆದುರು ಮೂರನೆಯ ರೂಮು ನೋಡಿದೆ. ಅಯ್ಯೋ, ಅದರ ಚೆಂದವೇ! ಗೋಡೆಗೆಲ್ಲ ಬಿಳಿ ಟೈಲ್ಸು, ಮುಖ ಕಾಣುತ್ತದೆ. ಕಂಬವಿಲ್ಲ, ನಡುಕವಿಲ್ಲ. ಬಾಡಿಗೆ ಮಾತ್ರ ಚೂಟಿಯ ಬನ್ನೆಲ್ಲ ಬಂಗಾರದ್ದಾದರೆ ಕಟ್ಟಬಹುದು. ಮಾತಾಡಿ ಇಳಿಸಿದರಾಯಿತೆಂದು ಮಾಲೀಕನಿಗೆ ಅಡ್ವಾನ್ಸ್ ಕೊಟ್ಟೆ. ಇದು ಚಿಲ್ಲರೆಗಿಂತ ಸ್ವಲ್ಪ, ಬಹಳ ಸ್ವಲ್ಪವೇ, ಮೇಲೆ.

ಸೆಪ್ಟೆಂಬರ್ 12, ಶುಕ್ರವಾರ

ಅಕ್ಕ: "ಹಲ್ಲು?"

ನಾನು: "ಡಾಕ್ಟ್ರು ಊರಲ್ಲಿಲ್ಲ."

ಅಕ್ಕ: "ಈಗ ತಾನೇ ತರಕಾರಿ ತಗೊಳ್ತಾ ಸಿಕ್ಕಿದ್ರು."

ನಾನು: "ಊರಲ್ಲಿದ್ದಾರೆ, ಆದ್ರೆ ಮನಸ್ಸು ಊರಲ್ಲಿಲ್ಲ."

ಸೆಪ್ಟೆಂಬರ್ 13, ಶನಿವಾರ

ಆಸ್ಪತ್ರೆಯೆದುರಿನ ರೂಮನ್ನು ಔಷಧಿ ಅಂಗಡಿಗೆ ಕೊಟ್ಟರಂತೆ. "ಹೇಳಿದ ದಿನ ನೀವು ಬರ್ಲಿಲ್ಲ," ಎಂದು ಮಾಲೀಕ ನಗುನಗುತ್ತಲೇ ಬಾಗಿಲು ಮುಚ್ಚಿದ. ಹೋಗಲಿ, ಪ್ರೆಸ್ಸಿನ ಮಹಡಿ ಇದೆಯಲ್ಲ ಎಂದು ಅಲ್ಲಿಗೆ ಓಡಿದೆ. ಅಲ್ಲೀಗ ನೃತ್ಯ ಕಲಿಸುತ್ತಾರೆ. ನೆಲ ತಾನಾಗಿಯೇ ಕುಣಿಯುತ್ತದೆ, ಕಲಿಯುವವರಿಗೆ ಶ್ರಮವಿಲ್ಲ.

ಕೊನೆಗೆ ಕೀಲಿಯವನ ಬಳಿ ಹೋದೆ. ಕಂಬದ ರೂಮಿಗೆ ಹೊಸ ಬಣ್ಣ ಬಂದಿತ್ತು. ಒಳಗೆ ಸಾಲು ಸಾಲಾಗಿ ಗಾಜಿನ ತೊಟ್ಟಿಗಳು, ಬಣ್ಣದ ಮೀನು ಮಾರುವ ಅಂಗಡಿ. ಕಂಬದ ಸುತ್ತ ದುಂಡಗೆ ಹಲಗೆ ಹೊಡೆದು ಅದರ ಮೇಲೂ ತೊಟ್ಟಿ ಇಟ್ಟಿದ್ದಾರೆ.

"ಮೂರು ದಿನ ಅಂದ್ರಿ. ವಾರ ಕಾದೆ," ಎಂದ ಕೀಲಿಯವನು. ಪಾಪ, ಅವನದೇನೂ ತಪ್ಪಿಲ್ಲ.

ಒಂದು ಮೀನು ತಂದೆ. ಯಾಕೆ ಎಂದು ಗೊತ್ತಿಲ್ಲ.

ಸೆಪ್ಟೆಂಬರ್ 17, ಬುಧವಾರ

ಮೂರು ದಿನ ಚೂಟಿಗೆ ಹೇಳಲಿಲ್ಲ. ಇವತ್ತು ಹೇಳಿದೆ. ರೇಗುತ್ತಾಳೆಂದು ಒಂದಷ್ಟು ಜೋಕು ತಯಾರಿಟ್ಟುಕೊಂಡಿದ್ದೆ. ಅವಳು ರೇಗಲಿಲ್ಲ. ಮಲಗಲು ಬಿಚ್ಚಿದ್ದ ಜಡೆಯನ್ನು ಮತ್ತೆ ಕಟ್ಟಿಕೊಂಡು, ಮಂಚದ ತುದಿಯಲ್ಲಿ ಕೂತು, ಜಾಡಿಯಲ್ಲಿದ್ದ ಮೀನನ್ನೇ ನೋಡುತ್ತಾ ಕೇಳಿದಳು:

"ಅಡ್ವಾನ್ಸು ಗಿಡ್ವಾನ್ಸು ಕೊಟ್ಟಿರ್ಲಿಲ್ಲ ತಾನೇ?"

"ಛೇ ಛೇ! ನನ್ನನ್ನ ಏನು ಅಂದ್ಕೊಂಡೆ?"

"ಸರಿ. ಶಾಲೆಯವ್ರು ಇವತ್ತು ಮತ್ತೆ ಕೇಳಿದ್ರು. ಕೊನೇ ವಾರದೊಳಗೆ ಅಂಗಡಿ ವಿಳಾಸ ಕೊಡ್ಬೇಕಂತೆ."

ಜೋಕುಗಳು ಹಾಗೇ ಉಳಿದವು. ಅವಳ ಕೈಬೆರಳ ಸಂದಿಯಲ್ಲಿ ಒಣಗಿದ ಹಿಟ್ಟಿತ್ತು. ಇಷ್ಟು ವರ್ಷ ಇನ್ನೊಬ್ಬರ ಅಂಗಡಿಗೆ ನಾದಿದ ಕೈ.

ಅದನ್ನು ಉಗುರಿನಿಂದ ಕೆರೆಯುತ್ತಾ ಅವಳೇ ಹೇಳಿದಳು: "ಮಾಮ, ಇಷ್ಟು ನೋಡಿದ್ದು ದಂಡ ಅಲ್ಲ ಬಿಡು. ಎಂಥದ್ದು ಒಳ್ಳೆ ರೂಮು, ಎಂಥದ್ದು ಅಲ್ಲ ಅಂತ ಈಗ ಗೊತ್ತಾಯ್ತಲ್ಲ. ಇನ್ಮೇಲೆ ಬರೀ ನೋಡೋದು ಬೇಡ. ಆ ಕಂಬದ ರೂಮಿನಷ್ಟು ಚೆನ್ನಾಗಿರೋದು ಯಾವುದು ಮೊದ್ಲು ಸಿಗುತ್ತೋ ಅದೇ ನಮ್ಮದು. ಇನ್ನೊಂದು ನೋಡ್ತೀನಿ ಅನ್ನೋ ಹಂಗಿಲ್ಲ."

"ಅದ್ಕಿಂತ ಒಳ್ಳೇದು ಮುಂದಿನ ಬೀದೀಲಿ ಇದ್ರೆ?"

"ಇರ್ಲಿ ಬಿಡು. ಅದು ಅಲ್ಲೇ ಸುಖವಾಗಿರ್ಲಿ."

ನಾನೂ ಇದನ್ನೇ ಹೇಳಬೇಕೆಂದಿದ್ದೆ. ಅವಳು ಮೊದಲು ಹೇಳಿಬಿಟ್ಟಳು, ಅಷ್ಟೇ.

ಸೆಪ್ಟೆಂಬರ್ 22, ಸೋಮವಾರ

ಬಗ್ಗಿ ಒಳಹೋಗುವಂಥ ರೂಮು. ಮಳೆ ಬಂದರೆ ಹೊರಗಿಗಿಂತ ಒಳಗೇ ಜಾಸ್ತಿ ಸುರಿಯುವಂಥ ರೂಮು. ಮಾಲೀಕರು ಅಣ್ಣತಮ್ಮಂದಿರು, ಒಬ್ಬ ಬಾ ಎನ್ನುತ್ತಾನೆ, ಇನ್ನೊಬ್ಬ ಹೋಗು ಎನ್ನುತ್ತಾನೆ, ಅಂಥದ್ದೊಂದು. ಯಾವುದೂ ಕಂಬದ ರೂಮಿನ ಹತ್ತಿರಕ್ಕೂ ಬರುವುದಿಲ್ಲ. ಕಾಲಲ್ಲಿ ಬೊಬ್ಬೆ ಎದ್ದಿವೆ.

ಮೂಲೆಯ ಟೀ ಅಂಗಡಿಯವರೆಗೆ ನಡೆಯಲಾಗದೆ ದಾರಿಯಲ್ಲಿದ್ದ ಯಾವುದೋ ಅಂಗಡಿಗೆ ನುಗ್ಗಿದೆ. "ಏನ್ ಕೊಡ್ಲಿ?" ಎಂದು ಕೇಳಿದಾಗ ಒಂದು ಕ್ಷಣ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಶುಂಠಿ ಹಾಕಿ ಕೊಟ್ಟ. ಪರವಾಗಿಲ್ಲ. ಪರವಾಗಿಲ್ಲ ಏನು, ಬಹಳ ಚೆನ್ನಾಗಿತ್ತು. ಇಷ್ಟು ದಿನ ಈ ಮನುಷ್ಯ ಎಲ್ಲಿ ಅಡಗಿದ್ದ?

ಸೆಪ್ಟೆಂಬರ್ 24, ಬುಧವಾರ

ಇವತ್ತಿನದು ಉದ್ದ ಬರೆಯಬೇಕು.

ಕಾಲುನೋವಿಗೆ ನಡೆಯಲಾಗದೆ, ಸುಮ್ಮನೆ ನನ್ನ ಹಳೆಯ ಒಂಬತ್ತನೇ ನಂಬರ್ ಬಸ್ಸು ಹತ್ತಿ ಕೂತೆ. ಕಂಡಕ್ಟರ್ ಈಗ ಒಬ್ಬಳು ಚಿಕ್ಕ ಹುಡುಗಿ. "ಎಲ್ಲಿಗೆ?" ಎಂದಳು. "ಎಲ್ಲಿಗೂ ಇಲ್ಲ," ಎಂದೆ. "ಎಲ್ಲಿಗೂ ಇಲ್ಲ ಅನ್ನೋದಕ್ಕೂ ಟಿಕೆಟ್ ಇದೆ," ಎಂದಳು. ಭಲೇ, ನಮ್ಮ ಕುಲದವಳು!

ಕಿಟಕಿಯ ಪಕ್ಕ ಕೂತು ಸ್ಟಾಪುಗಳನ್ನು ನೋಡುತ್ತಾ ಹೋದೆ. ಯಾವ ಸ್ಟಾಪಿನಲ್ಲಿ ಎಂಥವರು ಇಳಿಯುತ್ತಾರೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆಸ್ಪತ್ರೆಯಲ್ಲಿ ಇಳಿಯುವವರು ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಒಳಗೆ ಓಡುತ್ತಾರೆ. ಕೀಲಿಯವನ ಬೀದಿಯಲ್ಲಿ ಇಳಿಯುವವರಿಗೆ ಮನೆ ಎರಡು ಹೆಜ್ಜೆ, ಹಸಿದರೆ ಮನೆಯಲ್ಲೇ ಉಣ್ಣುತ್ತಾರೆ. ಇಷ್ಟೆಲ್ಲ ತಿಳಿದವನು ರೂಮಿನೊಳಗೆ ನಿಂತು ಗೋಡೆ ತಟ್ಟಿದ್ದೇ ತಟ್ಟಿದ್ದು, ಒಂದು ಸಲವೂ ಹೊರಗೆ ತಿರುಗಿ ಜನರನ್ನು ನೋಡಲಿಲ್ಲ.

ಆಗ ಗೊಣಗೋ ಸ್ಟಾಪು ಬಂತು. ಆ ಹೆಸರು ಇಟ್ಟವನು ನಾನೇ. ಅಲ್ಲಿ ಇಳಿದವರು ಬಟ್ಟೆ ಮಿಲ್ಲಿಗೆ ಹೋಗುವ ಇನ್ನೊಂದು ಬಸ್ಸಿಗೆ ಕಾಯಬೇಕು. ಆ ಬಸ್ಸು ಎಂದೂ ಹೊತ್ತಿಗೆ ಬಂದದ್ದಿಲ್ಲ. ಬೆಳಗ್ಗೆ ಏನೂ ತಿನ್ನದೆ ಹೊರಟವರು, ಸಂಜೆ ಸುಸ್ತಾಗಿ ಬಂದವರು, ಎಲ್ಲರೂ ಅಲ್ಲಿ ನಿಂತು ಗೊಣಗುತ್ತಾರೆ. ಮೂವತ್ತು ವರ್ಷ ಅವರನ್ನು ಇಳಿಸಿ, ಸೀಟಿ ಊದಿ, ರೈಟ್ ಎಂದು ಹೋಗಿದ್ದೇನೆ. ಒಂದು ದಿನವೂ ನಾನು ಅಲ್ಲಿ ಇಳಿದಿರಲಿಲ್ಲ! ಬಸ್ಸು ನಿಲ್ಲುತ್ತಿದ್ದದ್ದೇ ಒಂದು ಸೀಟಿಯಷ್ಟು ಹೊತ್ತು.

ಇಳಿದೆ.

ಸ್ಟಾಪಿನ ಎದುರಿಗೇ ಒಂದು ಇಸ್ತ್ರಿ ಅಂಗಡಿ. ಬಾಗಿಲಲ್ಲಿ ಒಬ್ಬ ಹೆಂಗಸು ಬಟ್ಟೆ ಗಂಟು ಕಟ್ಟುತ್ತಿದ್ದಳು. ಸೊಂಟ ಹಿಡಿದಿದೆ, ಅಂಗಡಿ ಬಿಟ್ಟು ರೂಮನ್ನು ಬಾಡಿಗೆಗೆ ಕೊಡುತ್ತಾಳಂತೆ. ಒಳಗೆ ಹೋದೆ. ನಲ್ಲಿ ಇದೆ. ಇದ್ದಿಲು ಹೊಗೆಗೆಂದು ಮಾಡಿಸಿದ ಚಿಮಣಿ ಇದೆ. ಬಾಗಿಲು ಕಿರಿದು, ಗೋಡೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆಗಳು, ನೆಲ ಒಂದು ಕಡೆಗೆ ವಾಲಿದೆ.

ಬಾಯಿ ತುದಿಗೆ ಬಂತು: ಮುಂದೆ ಇನ್ನೊಂದು ನೋಡಿಕೊಂಡು ಬರುತ್ತೇನೆ. ಕೈ ತಾನಾಗಿಯೇ ಟಿಕೆಟ್ ಚೀಲಕ್ಕೆ ಹೋಯಿತು, ಅಡ್ವಾನ್ಸ್ ಕೊಟ್ಟು ಹಿಡಿದಿಡಲು. ಚೀಲದಲ್ಲಿ ಹಳೆಯ ಸೀಟಿ ಮತ್ತು ಮೀನಿನ ಆಹಾರದ ಪೊಟ್ಟಣ ಬಿಟ್ಟು ಏನೂ ಇರಲಿಲ್ಲ.

"ಏನ್ ಹುಡುಕ್ತಿದ್ದೀರಿ?" ಎಂದಳು.

"ಅಮ್ಮಾ, ಈ ರೂಮು ನಮಗೇ. ದುಡ್ಡು ತರೋಳು ಮಲಗಿದ್ದಾಳೆ. ಎಬ್ಬಿಸ್ಕೊಂಡು ಬರ್ತೀನಿ. ಅಲ್ಲಿವರೆಗೂ ನೀವು ಗಂಟು ನಿಧಾನಕ್ಕೆ ಕಟ್ಬೇಕು."

"ನನ್ನ ಸೊಂಟಕ್ಕೆ ಬೇಗ ಕಟ್ಟೋಕೆ ಎಲ್ಲಾಗುತ್ತೆ? ಹೋಗ್ಬನ್ನಿ."

ಬೀದಿಗೆ ಬಂದರೆ ನಮ್ಮ ಕಡೆಯ ಬಸ್ಸು ಹೊರಟೇಬಿಟ್ಟಿತ್ತು. ಸೀಟಿ ತೆಗೆದು ಎದೆತುಂಬ ಊದಿದೆ. ಮುಂದಿನ ಹಲ್ಲಿಲ್ಲದವನು ಸೀಟಿ ಊದಿದರೆ ಅರ್ಧ ಗಾಳಿ ಗದ್ದಕ್ಕೆ ಹೋಗುತ್ತದೆ, ಆದರೂ ಬಸ್ಸು ನಿಂತಿತು. ಡ್ರೈವರ್ ಬೈದ. ಬೈಸಿಕೊಂಡೆ.

ಚೂಟಿಯನ್ನು ನಿದ್ದೆಯಿಂದ ಎಬ್ಬಿಸಿ, ತಲೆಗೂದಲಲ್ಲಿ ಹಿಟ್ಟಿದ್ದ ಹಾಗೇ ಎಳೆದುಕೊಂಡು ಬಂದೆ. ಅವಳು ರೂಮನ್ನು ನೋಡುವ ಮೊದಲು ಸ್ಟಾಪಿನಲ್ಲಿ ನಿಂತವರನ್ನು ನೋಡಿದಳು. ಒಬ್ಬಳು ಚೀಲದಿಂದ ಒಣಗಿದ ಬ್ರೆಡ್ ತುಂಡು ತೆಗೆದು ಮೂವರಿಗೆ ಹಂಚುತ್ತಿದ್ದಳು. ಚೂಟಿ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಮುಗೀತು ಕಣೇ. ಇದೇ."

"ಮಾಮ, ಜ್ವರ ಗಿರ ಬಂದಿಲ್ಲ ತಾನೇ ನಿನಗೆ?" ಎಂದು ಹಣೆ ಮುಟ್ಟಿ ನೋಡಿದಳು.

ಸೆಪ್ಟೆಂಬರ್ 27, ಶನಿವಾರ

ಗೋಡೆಗೆ ಸುಣ್ಣ. ಕಲೆಗಳು ಮತ್ತೆ ಮತ್ತೆ ಮೇಲೆ ಬರುತ್ತವೆ. ಬರಲಿ ಬಿಡು, ಇಸ್ತ್ರಿಯ ನೆನಪು ಎಂದಳು ಚೂಟಿ. ಶಾಲೆಗೆ ವಿಳಾಸ ಕೊಟ್ಟಾಯಿತು.

ಸೆಪ್ಟೆಂಬರ್ 30, ಮಂಗಳವಾರ

ಓವನ್ ಬಾಗಿಲಲ್ಲಿ ತೂರಲಿಲ್ಲ! ಗಾಡಿಯವರು ಕೈಚೆಲ್ಲಿ ಕೂತರು. "ಇನ್ನೊಂದು ರೂಮು ನೋಡ್ಬಾರ್ದಿತ್ತಾ?" ಎಂದ ಅವರಲ್ಲೊಬ್ಬ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ರೂಮು ಸರಿಯಾಗೇ ಇದೆ, ಬಾಗಿಲು ಸಣ್ಣದು ಅಷ್ಟೇ!" ಎಂದು ಕೂಗಿ, ನಾನೇ ಕಬ್ಬಿಣದ ಸಲಾಕೆ ತಂದು ಚೌಕಟ್ಟು ಕಿತ್ತೆ. ಸ್ಟಾಪಿನಲ್ಲಿ ಕಾಯುತ್ತಿದ್ದವರೆಲ್ಲ ಬಂದು ಕೈಹಾಕಿದರು. ಬಸ್ಸು ಬಂದರೂ ಇಬ್ಬರು ಹತ್ತಲಿಲ್ಲ. ಓವನ್ ಒಳಗೆ ಹೋಯಿತು. ಬೆನ್ನು ಮುರಿದಿದೆ. ಬರೆಯಲಾರೆ.

ಅಕ್ಟೋಬರ್ 1, ಬುಧವಾರ

ಶಾಲೆಯ ಬನ್ ಹೊತ್ತಿಗೆ ಮುಂಚೆಯೇ ಹೋಯಿತು. ಆಮೇಲೆ ಮಿಲ್ಲಿನವರು. ಸೀಟಿ ಊದಿ, "ಬನ್ನಿ ಬನ್ನಿ, ಗೊಣಗೋರಿಗೆ ಬಿಸಿ ಬನ್ನು, ಗೊಣಗದೋರಿಗೂ ಇದೆ," ಎಂದು ಕೂಗುವ ಕೆಲಸ ನನ್ನದು. ಮೀನಿನ ಜಾಡಿ ಗಲ್ಲಾದ ಪಕ್ಕ. ಮಧ್ಯಾಹ್ನದ ಹೊತ್ತಿಗೆ ಟ್ರೇಗಳು ಖಾಲಿ.

ಚೂಟಿ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ. "ಖುಷಿಗೆ ಮಾಮ," ಎಂದಳು. ಗೊತ್ತು, ನನ್ನ ಕಣ್ಣಿಗೂ ಹಿಟ್ಟು ಬಿದ್ದಿತ್ತು.

ಅಕ್ಟೋಬರ್ 9, ಗುರುವಾರ

ಒಂದು ಹೊಸ ಪದ್ಧತಿ ಕಂಡುಹಿಡಿದಿದ್ದೇನೆ. ಮೂರು ದಿನ ಮೂಲೆಯ ಟೀ ಅಂಗಡಿ, ನಾಲ್ಕನೆಯ ದಿನ ಬೇರೆ ಎಲ್ಲಾದರೂ. ಬೇರೆ ಕಡೆಯದು ಹೆಚ್ಚಾಗಿ ಬಿಸಿನೀರು, ಆದರೆ ಆ ಶುಂಠಿಯವನಂಥವನು ಇನ್ನೊಬ್ಬ ಎಲ್ಲಾದರೂ ಇರಬೇಕಲ್ಲ? ಪೂರ್ತಿ ನನ್ನದೇ ಆಲೋಚನೆ. ಅಕ್ಕನಿಗೆ ವಿವರಿಸಿದೆ. ಚೂಟಿ ಯಾಕೋ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು.

ಇವತ್ತು ಬೆಳಗ್ಗೆ ನಾಲ್ಕನೆಯ ಟ್ರೇಯಿಂದ ಅವಳು ಹೊಸದೊಂದು ಬನ್ ತೆಗೆದು ನನ್ನ ಕೈಗಿಟ್ಟಳು. ಮೇಲೆ ಗಟ್ಟಿ ಪದರವೇ ಇಲ್ಲ. ಮೋಡ ಕಚ್ಚಿದ ಹಾಗೆ. ಕಚ್ಚುವುದೇನು, ಬಾಯಲ್ಲಿಟ್ಟರೆ ತಾನೇ ಕರಗಿತು.

"ಯಾರಿಗೇ ಇದು?"

"ಹಲ್ಲಿಲ್ದೇ ಇರೋ ಒಬ್ರು ಗಿರಾಕಿಗೆ."

"ಯಾರು ಆ ಮುದುಕ?"

ಅವಳು ಟ್ರೇ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಳು: "ನಿನ್ನೆ ಕೀಲಿಯವ್ರು ಬನ್ ತಗೊಳ್ಳೋಕೆ ಬಂದಿದ್ರು ಮಾಮ. ನೀನು ಚೆನ್ನಾಗಿದ್ದೀಯಾ ಅಂತ ಕೇಳಿದ್ರು. ಆಮೇಲೆ ಹಲ್ಲಿನ ಡಾಕ್ಟ್ರೂ ಬಂದಿದ್ರು. ಅವ್ರೂ ಕೇಳಿದ್ರು."

ನಾನು ಮೀನಿನ ಜಾಡಿಗೆ ಆಹಾರ ಉದುರಿಸತೊಡಗಿದೆ. ಎಷ್ಟು ಎಂದು ಅವಳು ಕೇಳಲಿಲ್ಲ. ಇನ್ನೊಂದು ಬನ್ ಇಟ್ಟು, "ಇದನ್ನ ನಾಳೆಯಿಂದ ಮೂರರಲ್ಲಿ ಒಂದಕ್ಕೆ ಸೇರಿಸ್ಲಾ?" ಎಂದಳು. ಸಂಜೆಯೊಳಗೆ ಸ್ಟಾಪಿನ ಅಜ್ಜಿಯರೂ ಕಂಕುಳ ಕೂಸುಗಳೂ ಸೇರಿ ಆ ಟ್ರೇ ಖಾಲಿ ಮಾಡಿದ್ದರು. ಸೇರಿಸು ಎಂದೆ.

ಅವಳು ಕೇಳಲಿಲ್ಲ, ಅಕ್ಕನೂ ಕೇಳುವುದನ್ನು ಬಿಟ್ಟಿದ್ದಾಳೆ. ಇನ್ನು ಉಳಿದವನು ಈ ದಿನಚರಿ ಓದುವ ಯೋಗ್ಯ ಮನುಷ್ಯನೊಬ್ಬನೇ. ಅವನಿಗಾದರೂ ಹೇಳಿಬಿಡುತ್ತೇನೆ. ಚಿಲ್ಲರೆ ಅಲ್ಲ. ಕೀಲಿಯವನಿಗೆ ಮೂರು ಸಾವಿರ, ಪ್ರೆಸ್ಸಿನವಳಿಗೆ ಎರಡೂವರೆ, ಟೈಲ್ಸಿನ ಗೋಡೆಗೆ ಮರುಳಾಗಿ ಎಂಟು. ಒಟ್ಟು ಹದಿಮೂರು ಸಾವಿರದ ಐನೂರು. ಎಂದರೆ ಮೇಲಿನ ಸಾಲು ಪೂರ್ತಿ, ಕೆಳಗೆ ಎರಡು ಹಲ್ಲು.

ಮೀನು ಸೇರಿಸಿದರೆ ಹದಿಮೂರು ಸಾವಿರದ ಆರುನೂರ ಎಂಬತ್ತು.